ಮಗ್ಗದ ಕುಣಿಯಲ್ಲಿ ಅಬ್ಬಲಿಗೆ

ನಮ್ಮ ಮನೆಯ ಪಡಸಾಲೆಯಲ್ಲಿ ಒಂದು ಕುಣಿ ಇತ್ತು. ಅಜ್ಜ ಬದುಕಿದ್ದಾಗ ಅದರ ಮೇಲೆ ಕೈಮಗ್ಗ ನಿಂತಿತ್ತು. ನೇಯುವವರು ಕುಣಿಯ ಅಂಚಿಗೆ ಕುಳಿತು, ಕಾಲು ಒಳಗೆ ಇಳಿಬಿಟ್ಟು, ಕೆಳಗಿನ ಹಲಗೆಗಳನ್ನು ತುಳಿಯುತ್ತ ನೇಯುತ್ತಿದ್ದರು. ಅಪ್ಪನ ಕಾಲಕ್ಕೆ ಪಾವರ್‌ಲೂಮ್ ಬಂದವು, ಹಿಂದಿನ ಕೋಣೆಯಲ್ಲಿ ನಾಲ್ಕು. ಕೈಮಗ್ಗದ ಕಟ್ಟಿಗೆ ಒಂದೊಂದಾಗಿ ಒಲೆಗೆ ಹೋಯಿತು. ಕುಣಿ ಮಾತ್ರ ಹಲಗೆ ಮುಚ್ಚಿಕೊಂಡು ಹಾಗೆಯೇ ಉಳಿಯಿತು. ರಬಕವಿ-ಬನಹಟ್ಟಿಯ ಎಷ್ಟೋ ಮನೆಗಳಲ್ಲಿ ಇಂಥ ಕುಣಿಗಳಿದ್ದವು. ಜನ ಅದರಲ್ಲಿ ಮುರಿದ ಸಾಮಾನು ಹಾಕಿ ಮರೆತುಬಿಡುತ್ತಿದ್ದರು. ನಮ್ಮ ಮನೆಯಲ್ಲಿ ದೀಪಾವಳಿಯಿಂದ ಶಿವರಾತ್ರಿಯವರೆಗೆ ಅದರೊಳಗೆ ಅಬ್ಬಲಿಗೆ ಗಿಡಗಳು ಇರುತ್ತಿದ್ದವು.

ಬೆಳಿಗ್ಗೆ ಅವನ್ನು ಮಾಳಿಗೆಯ ಮೇಲೆ ಬಿಸಿಲಿಗೆ ಒಯ್ಯಬೇಕು. ಹೊತ್ತು ಮುಳುಗುವ ಮೊದಲು ಇಳಿಸಿ ತಂದು ಕುಣಿಯಲ್ಲಿಟ್ಟು ಹಲಗೆ ಮುಚ್ಚಬೇಕು. ಹೈಸ್ಕೂಲಿಗೆ ಹೋಗುವ ಮೊದಲಿನಿಂದಲೂ ಈ ಕೆಲಸ ನನ್ನದು. ನಾನು ಇಲ್ಲಿ ಹೇಳಹೊರಟಿರುವುದು ಬಹುಪಾಲು ಈ ಹೊರುವ ಕೆಲಸದ ಬಗ್ಗೆಯೇ.

ಅಬ್ಬಲಿಗೆ ಎಂದರೆ ದಕ್ಷಿಣದ ಕಡೆಯವರು ಕನಕಾಂಬರ ಎನ್ನುವ ಹೂವು. ವಾಸನೆ ಇಲ್ಲ, ತೆಳ್ಳಗೆ ಕಾಗದದಂತೆ ಇರುತ್ತದೆ. ಅವ್ವನ ಗಿಡದ ಹೂವು ಪೇಟೆಯ ಹೂವಿಗಿಂತ ತುಸು ಗಾಢ, ಸುಟ್ಟ ಇಟ್ಟಿಗೆಯ ಬಣ್ಣಕ್ಕೆ ಹತ್ತಿರ. ಸೆಕೆ ಮತ್ತು ತೇವ ಬೇಕಾದ ಗಿಡ ಅದು. ನಮ್ಮ ಚಳಿಗಾಲದ ಬಗ್ಗೆ ಕೇಳಿದರೆ ಹಿಮ ಬೀಳುವ ಸೀಮೆಯವರು ನಕ್ಕಾರು. ಇಲ್ಲಿ ಹಗಲು ಬಿಸಿಲು ಇದ್ದೇ ಇರುತ್ತದೆ. ಆದರೆ ಮಾಳಿಗೆಯ ಕಲ್ಲು ಸಂಜೆಯಾದೊಡನೆ ತಣ್ಣಗಾಗುತ್ತದೆ, ಒಣಗಾಳಿ ಬೆಳತನಕ ಬೀಸುತ್ತದೆ. ಅಬ್ಬಲಿಗೆಗೆ ಅಷ್ಟು ಸಾಕು. ಎಲೆಯ ಅಂಚು ಮೊದಲು ಕೆಂಪಾಗುತ್ತದೆ, ಆಮೇಲೆ ಕಪ್ಪಾಗುತ್ತದೆ, ಆಮೇಲೆ ಬರೀ ಕಡ್ಡಿ ಉಳಿಯುತ್ತದೆ.

ಆ ಗಿಡ ನಮ್ಮದಾಗಿರಲಿಲ್ಲ. ಅವ್ವನ ತವರು ಬೀಳಗಿ ಕಡೆಯ ಒಂದು ಹೊಳೆದಂಡೆಯ ಊರು. ಅಲ್ಲಿಯ ಮನೆಯ ಬಚ್ಚಲ ಹಿಂದೆ, ದನದ ಕೊಟ್ಟಿಗೆಯ ಗೋಡೆಗೆ ಆತುಕೊಂಡು ಅಬ್ಬಲಿಗೆಯ ಸಾಲು ಇತ್ತು. ಬಚ್ಚಲ ನೀರು, ಕೊಟ್ಟಿಗೆಯ ಕಾವು, ಹೊಳೆಯ ಮಣ್ಣು. ಅಲ್ಲಿ ಆ ಗಿಡಕ್ಕೆ ಚಳಿಗಾಲ ಬಂದುಹೋದದ್ದೇ ಗೊತ್ತಾಗುತ್ತಿರಲಿಲ್ಲ ಎಂದು ಅವ್ವ ಹೇಳುತ್ತಿದ್ದಳು. ಆಲಮಟ್ಟಿಯ ಹಿನ್ನೀರು ಬರುತ್ತದೆಂದು ಊರು ಖಾಲಿ ಮಾಡುವಾಗ ಅವ್ವ ನನ್ನನ್ನು ಕರೆದುಕೊಂಡು ಹೋಗಿದ್ದಳು. ನಾನು ಆಗ ಚಿಕ್ಕವಳು. ಮನೆಗಳ ಮಾಳಿಗೆಯನ್ನು ಆಗಲೇ ಬಿಚ್ಚಿ ಆಗಿತ್ತು. ಗೋಡೆಗಳ ಒಳಗೆ ನೇರ ಬಿಸಿಲು ಬಿದ್ದಿತ್ತು. ಸೋದರಮಾವ ಚೌಕಟ್ಟು ಕೀಳುತ್ತಿದ್ದ. ಅವ್ವ ಕುಡುಗೋಲಿನಿಂದ ಅಬ್ಬಲಿಗೆಯ ಟೊಂಗೆ ಕತ್ತರಿಸಿ ಒದ್ದೆ ಗೋಣಿಚೀಲದಲ್ಲಿ ಸುತ್ತುತ್ತಿದ್ದಳು.

"ಅಕ್ಕಾ, ನಾವು ತೊಲಿ ಕೀಳಾಕತ್ತೇವಿ, ಬಾಗಲಾ ಕೀಳಾಕತ್ತೇವಿ. ನೀ ಕಡ್ಡಿ ಕೀಳಾಕತ್ತಿ," ಎಂದು ಮಾವ ನಕ್ಕ.

"ನನಗೊಂದು ತೊಲಿ ಕೊಡ್ತಿಯೇನು?"

"ತೊಲಿ ಬಸ್ಸಿನ್ಯಾಗ ಹಿಡಸತೈತೇನು?"

"ಮತ್ತ ಸುಮ್ಮಕಿರು."

ಬಸ್ಸಿನಲ್ಲಿ ಚೀಲ ಸೋರಿ ನೀರು ಸೀಟಿನ ಕೆಳಗೆಲ್ಲ ಹರಿಯಿತು. ಜಮಖಂಡಿ ಹತ್ತಿರ ಬಂದಾಗ ಕಂಡಕ್ಟರ್ ಕಾಲು ಎತ್ತಿ ನೋಡಿ, "ಏನ್ರಿ ಅವ್ವಾರ, ಹೊಳೀನ ಹೊತಗೊಂಡು ಹೊಂಟೀರೇನು?" ಎಂದ. ಸುತ್ತಲಿನವರು ನಕ್ಕರು. ಅವ್ವ ಸೆರಗನ್ನು ಚೀಲದ ಮೇಲೆ ಎಳೆದುಕೊಂಡು ಕಿಟಕಿಯ ಹೊರಗೆ ನೋಡಿದಳು.

ನಮ್ಮ ಓಣಿಯಲ್ಲಿ ಮನೆಗೆ ಮನೆ ಹತ್ತಿಕೊಂಡಿವೆ. ನೆಡಲು ಮಣ್ಣಿಲ್ಲ. ಅವ್ವ ಎಣ್ಣೆಯ ಟಿನ್ನುಗಳಿಗೆ ತೂತು ಹೊಡೆದು ಮಣ್ಣು ತುಂಬಿ ನೆಟ್ಟಳು. ಮಳೆಗಾಲದಲ್ಲಿ ಎಲ್ಲ ಚಿಗುರಿದವು. ಮೊದಲ ಚಳಿಗಾಲಕ್ಕೆ ಎಲ್ಲ ಸತ್ತವು, ಮೆಟ್ಟಿಲ ಕೆಳಗೆ ಯಾರೋ ಮರೆತು ಇಟ್ಟ ಒಂದನ್ನು ಬಿಟ್ಟು. ಅಷ್ಟರಲ್ಲಿ ಆ ಊರೂ ನೀರಿನಲ್ಲಿ ಮುಳುಗಿತ್ತು. ಮತ್ತೆ ಹೋಗಿ ಕತ್ತರಿಸಿ ತರುವಂತಿರಲಿಲ್ಲ.

ಕುಣಿಯ ಯೋಚನೆ ಆಯಿಯದು. ಆಯಿ ಎಂದರೆ ಅಪ್ಪನ ತಾಯಿ. ಅವ್ವ ಒಣಗಿದ ಟಿನ್ನುಗಳನ್ನು ಮುಂದಿಟ್ಟುಕೊಂಡು ಕುಳಿತದ್ದನ್ನು ಎರಡು ದಿನ ನೋಡಿದ ಮೇಲೆ ಅವಳು ಹೇಳಿದಳು:

"ಉಳದದ್ದು ಒಂದನ್ನ ಕುಣ್ಯಾಗ ಇಳಸ. ನಿಮ್ಮ ಮಾವ ನೇಯಾಕ ಕುಂತ್ರ ಥಂಡಿ ದಿನದಾಗ ಊಟಕ್ಕ ಕರದ್ರೂ ಏಳತಿರಲಿಲ್ಲ. ಕೆಲಸದ ಮ್ಯಾಲಿನ ಪ್ರೀತಿ ಅಂತ ಜನಾ ತಿಳದಿದ್ರು. ಕಾಲ ಬೆಚ್ಚಗಿದ್ದವು, ಅದಕ್ಕ ಏಳತಿರಲಿಲ್ಲ."

ಅಪ್ಪ ಮಗ್ಗದ ಕೋಣೆಯಿಂದಲೇ, "ಮಗ್ಗದ ಕುಣಿ ಅದು, ತ್ವಾಟ ಅಲ್ಲ," ಎಂದ. ಅವನಿಗೆ ಕುಣಿ ತುಂಬಿಸಿ ಪಡಸಾಲೆಯಲ್ಲಿ ಐದನೆಯ ಮಗ್ಗ ಹಾಕಬೇಕಿತ್ತು. ಆ ವರ್ಷ ಹಾಕಲಾಗಲಿಲ್ಲ. ಗಿಡ ಇಳಿಯಿತು, ಬದುಕಿತು. ಮುಂದಿನ ಮಳೆಗಾಲಕ್ಕೆ ಅದರ ಟೊಂಗೆಗಳಿಂದ ಐದು ಟಿನ್ನುಗಳಾದವು.

ಕುಣಿ ಯಾಕೆ ಬೆಚ್ಚಗಿರುತ್ತದೆ ಎಂಬುದು ಕಷ್ಟದ ವಿಷಯವಲ್ಲ. ಮಣ್ಣಿನ ಒಳಗಿನ ಕಾವು ರಾತ್ರಿಗೆ ಬೇಗ ಇಳಿಯುವುದಿಲ್ಲ, ತೇವವೂ ಆರುವುದಿಲ್ಲ. ನೂಲು ಒಣಗಿ ಹರಿಯಬಾರದೆಂದೇ ಹಿಂದಿನವರು ಮಗ್ಗವನ್ನು ನೆಲದೊಳಗೆ ಇಳಿಸಿದ್ದರು. ಆದರೆ ಕುಣಿಯಲ್ಲಿ ಬೆಳಕಿಲ್ಲ. ಅದಕ್ಕೇ ದಿನವೂ ಹತ್ತಿಸುವುದು, ಇಳಿಸುವುದು. ಟಿನ್ನಿನ ಅಂಚು ಬೆರಳಿನ ಒಂದೇ ಗೆರೆಯ ಮೇಲೆ ಕೂರುತ್ತದೆ. ಮೆಟ್ಟಿಲು ಕಡಿದು. ಜ್ವರ ಇದ್ದ ದಿನ, ಪರೀಕ್ಷೆಯ ದಿನ, ಮನೆಗೆ ನೆಂಟರು ಬಂದ ದಿನ, ಎಲ್ಲ ದಿನವೂ ಸಂಜೆ ಆಗುತ್ತದೆ. ಮಗ್ಗದ ಕೋಣೆಯಿಂದ ಹಾರಿ ಬರುವ ಹತ್ತಿಯ ಧೂಳು ಎಲೆಗಳ ಮೇಲೆ ಬೂದು ಅರಿವೆಯ ಹಾಗೆ ಕೂಡುತ್ತಿತ್ತು. ಅದನ್ನು ಒದ್ದೆ ಬಟ್ಟೆಯಿಂದ ಒರೆಸಬೇಕು. ಗೆಳತಿಯರು ಸಂಜೆ ಕರೆಯಲು ಬಂದರೆ ನಾನು ಕಾರಣ ಹೇಳುತ್ತಿರಲಿಲ್ಲ. ಕೆಲಸ ಇದೆ ಎನ್ನುತ್ತಿದ್ದೆ.

ಎಂ.ಎಸ್ಸಿ.ಗೆ ಧಾರವಾಡಕ್ಕೆ ಹೋದಾಗ ಎರಡು ಚಳಿಗಾಲ ಅವ್ವನೇ ಹೊತ್ತಳು. ನನ್ನ ವಿಷಯ ಸಸ್ಯಶಾಸ್ತ್ರ. ರಜೆಗೆ ಬಂದು ಮರಳುವಾಗ ಹೂವಿನ ಒಂದು ತೆನೆ ಒಯ್ದು ಪ್ರಯೋಗಾಲಯದಲ್ಲಿ ನೋಡಿದೆ. ಪರಾಗದ ಕಣಗಳು ಹೆಚ್ಚಿನವು ಸುಕ್ಕುಗಟ್ಟಿ ಬರಿದಾಗಿದ್ದವು. ಅವ್ವನ ಗಿಡ ಯಾವತ್ತೂ ಬೀಜ ಕಟ್ಟಿದ್ದನ್ನು ನಾನು ಕಂಡಿರಲಿಲ್ಲ; ಅದು ಕಟ್ಟುವ ಜಾತಿಯೇ ಅಲ್ಲ ಎಂದು ಆಗ ಖಚಿತವಾಯಿತು. ಟೊಂಗೆಯಿಂದ ಟೊಂಗೆ ಮಾಡಿಯೇ ಉಳಿಸಬೇಕು. ಮನೆಗೆ ಬಂದಾಗ ಅವ್ವನಿಗೆ ಹೇಳಿದೆ.

"ಹಂಗಾರ ಇದು ಸತ್ರ ಮುಗೀತು?" ಎಂದಳು.

"ಮುಗೀತು."

ಅವಳು ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದಳು. ತಿಕ್ಕುವುದನ್ನು ನಿಲ್ಲಿಸಲಿಲ್ಲ. ಎರಡು ಚಳಿಗಾಲ ಆ ಮೊಣಕಾಲುಗಳನ್ನು ಮುಗಿಸಿದ್ದವು. ಮರುವರ್ಷ ನನಗೆ ಜಮಖಂಡಿಯ ಒಂದು ಕಾಲೇಜಿನಲ್ಲಿ ಅರೆಕಾಲಿಕ ಉಪನ್ಯಾಸಕಿಯ ಕೆಲಸ ಸಿಕ್ಕಿತು. ಸಂಜೆಯ ಬಸ್ಸಿಗೆ ಮರಳಿ, ಚಪ್ಪಲಿ ಕಳೆದು, ಕೈಚೀಲ ಗೂಟಕ್ಕೆ ಹಾಕಿ ನೇರ ಮಾಳಿಗೆ ಹತ್ತುತ್ತಿದ್ದೆ.

ಅಕ್ಕ ಸಮೀರವಾಡಿಯಲ್ಲಿದ್ದಳು, ಭಾವ ಅಲ್ಲಿ ಕೆಲಸಕ್ಕಿದ್ದ. ಅವಳು ಬಸುರಿ ಎಂಬ ಸುದ್ದಿ ಬಂದಾಗ ಮನೆಯಲ್ಲಿ ಎಲ್ಲರೂ ಲೆಕ್ಕ ಹಾಕಿದರು: ಕುಬಸ ಸಂಕ್ರಾಂತಿಯ ಆಚೆಗೆ ಬೀಳುತ್ತದೆ. ನಮ್ಮಲ್ಲಿ ಕುಬಸದ ದಿನ ಬಸುರಿಗೆ ತವರಿನವರು ಹಸಿರು ಸೀರೆ ಉಡಿಸಿ, ಹೂವಿನ ದಂಡೆ ಮುಡಿಸಿ ಆರತಿ ಮಾಡುತ್ತಾರೆ. ಅವ್ವನ ತವರಿನಲ್ಲಿ ಆ ದಂಡೆಗೆ ಬಚ್ಚಲ ಹಿಂದಿನ ಅಬ್ಬಲಿಗೆಯೇ ಆಗಬೇಕಿತ್ತಂತೆ. ಅವಳ ಅವ್ವ ಮುಡಿದದ್ದು, ಅವಳು ಎರಡು ಸಲ ಮುಡಿದದ್ದು ಅದೇ. ಅವ್ವ ಇಷ್ಟು ವರ್ಷ ಆ ಗಿಡ ಯಾಕೆ ಬೇಕೆಂದು ಯಾರಿಗೂ ಹೇಳಿರಲಿಲ್ಲ. ಆಗ ಹೇಳಿದಳು, ಅದೂ ಫೋನಿನಲ್ಲಿ, ಅಕ್ಕನಿಗೆ.

ಅಕ್ಕನ ದನಿ ಫೋನಿನ ಹೊರಗೂ ಕೇಳುತ್ತಿತ್ತು. "ಥಂಡಿ ದಿನದಾಗ ಅದು ಎಲ್ಲಿ ಹೂವ ಬಿಡತೈತಿ ಬೇ? ಜಮಖಂಡಿ ಪ್ಯಾಟ್ಯಾಗ ಮಾರಗಟ್ಲೆ ಸಿಗತಾವಲ್ಲ."

"ಪ್ಯಾಟಿ ಹೂವಿಗೆ ತವರಮನಿ ಐತೇನು?" ಎಂದು ಅವ್ವ ಫೋನನ್ನು ನನ್ನ ಕೈಗೆ ಕೊಟ್ಟಳು.

ಆ ವರ್ಷ ಅಪ್ಪ ಐದನೆಯ ಮಗ್ಗದ ಮಾತನ್ನು ಗಟ್ಟಿ ಮಾಡಿದ್ದ. ಅವ್ವ ಎದುರು ಮಾತಾಡಲಿಲ್ಲ. "ಕುಬಸಾ ಒಂದು ಆಗಲಿ. ಆಮ್ಯಾಲೆ ನೀವು ಕುಣಿ ತುಂಬ್ರಿ, ನಾ ಏನೂ ಅನ್ನೂದಿಲ್ಲ," ಎಂದಳು. ಅಪ್ಪ ತಲೆಯಾಡಿಸಿದ. ಹೀಗೆ ಅದು ಕುಣಿಯ ಕೊನೆಯ ಚಳಿಗಾಲವಾಯಿತು, ಅವ್ವನಿಗೆ ಒಂದೇ ಅವಕಾಶವಾಯಿತು.

ನಾನು ಕುಣಿಯ ಮೂಲೆಯಲ್ಲಿ ಒಂದು ಬಲ್ಬು ಇಳಿಬಿಟ್ಟೆ. ಹಲಗೆಯ ಮೇಲೆ ಹಳೆಯ ಕೌದಿ ಹೊದಿಸಿದೆ. ಕರೆಂಟು ಹೋದಾಗ ಮಗ್ಗಗಳು ನಿಂತು ಓಣಿಯೇ ಕಿವುಡಾದಂತೆ ಆಗುತ್ತಿತ್ತು. ಆಗ ಅವ್ವ ಅಡುಗೆಮನೆಯಿಂದ ಬಿಸಿನೀರಿನ ತಂಬಿಗೆಗಳನ್ನು ತಂದು ಟಿನ್ನುಗಳ ನಡುವೆ ಇಡುತ್ತಿದ್ದಳು. ಕಾರ್ತಿಕ ಮುಗಿಯುವಷ್ಟರಲ್ಲಿ ಐದೂ ಗಿಡಗಳಲ್ಲಿ ಹಸಿರು ತೆನೆ ಕಾಣಿಸಿದವು. ಅವ್ವ ಅವನ್ನು ಮುಟ್ಟುತ್ತಿರಲಿಲ್ಲ. ಬಗ್ಗಿ ನೋಡಿ, ಸೊಂಟ ಹಿಡಿದುಕೊಂಡು ಏಳುತ್ತಿದ್ದಳು.

ಆಮೇಲೆ ಎಲೆ ಹಳದಿಯಾಗತೊಡಗಿದವು. ಚಳಿಯ ಕೆಂಪು ಅಲ್ಲ ಅದು. ನರಗಳು ಹಸಿರಾಗಿ ಉಳಿದು ನಡುವೆ ಬಿಳಚುವ ಬೇರೆ ತರಹದ್ದು. ಒಂದು ಟಿನ್ನಿನ ಮಣ್ಣಿಗೆ ಬೆರಳು ಹಾಕಿದೆ. ಹುಳಿ ವಾಸನೆ. ಮೇಲೆ ಬಿಳಿ ಪೊರೆ ಕಟ್ಟಿತ್ತು, ಅಂಚಿನಲ್ಲಿ ತಿಳಿನೀಲಿ. ಆಯಿ ಪಡಸಾಲೆಯಲ್ಲಿ ಕುಳಿತು ಬತ್ತಿ ಹೊಸೆಯುತ್ತಿದ್ದಳು.

"ಆಯೀ, ಇದಕ್ಕ ಏನರೆ ಹಾಕಿಯೇನು?"

"ಗಂಜಿ ಹಾಕೀನಿ," ಎಂದಳು, ಹೊಗಳಿಕೆಗೆ ಕಾಯುವವಳಂತೆ. "ಎದರಮನಿಯವ್ರು ಹಾಸಿನ ನೂಲಿಗೆ ಹಚ್ಚಿ ಉಳದದ್ದು ಚೆಲ್ಲಾಕ ಹೊಂಟಿದ್ರು. ಛಲೋ ಗಂಜಿ. ದಿನಾ ಒಂದೊಂದ ಬಟ್ಟಲಾ ಹಾಕೀನಿ. ಬರೇ ನೀರ ಕುಡದ್ರ ಹೂವ ಬಿಡತೈತೇನ ಅದು?"

ಎದುರು ಮನೆಯಲ್ಲಿ ಇನ್ನೂ ಕೈಮಗ್ಗ ಇತ್ತು. ಬೆಳಿಗ್ಗೆ ಓಣಿಯುದ್ದಕ್ಕೂ ಹಾಸಿನ ನೂಲು ಎಳೆದು ಕಟ್ಟಿ, ಗಟ್ಟಿಯಾಗಲೆಂದು ಕುಂಚದಿಂದ ಗಂಜಿ ಹಚ್ಚುತ್ತಿದ್ದರು.

"ಆ ಗಂಜ್ಯಾಗ ಮೈಲುತುತ್ತ ಹಾಕಿರತಾರ ಆಯೀ."

"ಹಾಕತಾರ. ಇಲ್ಲಂದ್ರ ಬೂಸರ ಬರತೈತಿ, ಹುಳಾ ಬೀಳತಾವು."

"ಹುಳಾ ಸಾಯೂದಿತ್ತಂದ್ರ ಗಿಡಾನೂ ಸಾಯತೈತಿ."

ಆಯಿ ಕೈಯಲ್ಲಿದ್ದ ಬತ್ತಿ ಕೆಳಗಿಟ್ಟಳು. "ನೂಲು ಸಾಯೂದಿಲ್ಲಲಾ," ಎಂದಳು.

ಅವ್ವ ಹಿಟ್ಟಿನ ಕೈಯಲ್ಲೇ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಿದ್ದಳು. "ಅತ್ತಿ, ನಿಮಗ ಬ್ಯಾರೆ ಕೆಲಸ ಇರಲಿಲ್ಲೇನ್ರಿ?" ಎಂದಳು. ಅವಳು ಆಯಿಗೆ ಹಾಗೆ ಮಾತಾಡಿದ್ದನ್ನು ನಾನು ಮೊದಲು ಕೇಳಿರಲಿಲ್ಲ.

"ನನಗೂ ಮೊಮ್ಮಗಳ ಆಗಬೇಕಲ್ಲ ಅಕಿ," ಎಂದು ಆಯಿ ಗೋಡೆಯ ಕಡೆ ತಿರುಗಿದಳು.

ಅಲ್ಲಿಂದ ಮುಂದೆ ಇಬ್ಬರ ಮಾತೂ ನನ್ನ ಮೂಲಕವೇ ನಡೆಯಿತು. ಮೂವರೂ ಒಂದೇ ಕೋಣೆಯಲ್ಲಿ ಇರುತ್ತಿದ್ದೆವು. "ನಿಮ್ಮ ಆಯಿಗೆ ಕೇಳು, ಚಾ ಬೇಕೇನಂತ." "ನಿಮ್ಮವ್ವಗ ಹೇಳು, ಸಕ್ಕರಿ ಕಡಿಮಿ ಹಾಕು ಅಂತ." ನಾನು ಯಾವುದನ್ನೂ ಮತ್ತೆ ಹೇಳುತ್ತಿರಲಿಲ್ಲ, ಇಬ್ಬರಿಗೂ ಕೇಳಿಸಿರುತ್ತಿತ್ತು. ಮಧ್ಯೆ ಕುಳಿತಿರುವುದೇ ಸಾಕಾಗುತ್ತಿತ್ತು.

ಚಳಿಯಲ್ಲಿ ಬೇರು ಕೆದಕಬಾರದು. ಕೆದಕದಿದ್ದರೂ ಸಾಯುತ್ತಿದ್ದವು. ಕಾಲೇಜಿನ ತೋಟದಿಂದ ಎರಡು ದಿನ ಮಣ್ಣು ತಂದೆ, ಪುಸ್ತಕದ ಚೀಲದಲ್ಲಿ, ಬಸ್ಸಿನಲ್ಲಿ ಕಾಲ ಮೇಲೆ ಇಟ್ಟುಕೊಂಡು. ಭಾನುವಾರ ಬಿಸಿಲೇರಿದ ಮೇಲೆ ಗಿಡಗಳನ್ನು ಟಿನ್ನಿನಿಂದ ಬಿಡಿಸಿ, ಬೇರನ್ನು ಬೆಚ್ಚನೆ ನೀರಿನಲ್ಲಿ ತೊಳೆದು, ಕಪ್ಪಾದದ್ದನ್ನು ಕತ್ತರಿಸಿ, ಹೊಸ ಮಣ್ಣಿಗೆ ಹಾಕಿದೆ. ಕೊಂದದ್ದು ಮೈಲುತುತ್ತವೋ, ಹುಳಿತ ಗಂಜಿಯೋ, ಎರಡೂ ಸೇರಿಯೋ ನನಗೆ ಇಂದಿಗೂ ಖಚಿತವಿಲ್ಲ. ಮೂರು ಗಿಡ ಆ ವಾರದಲ್ಲೇ ಒಣಗಿದವು. ಉಳಿದ ಎರಡರಲ್ಲಿ ಒಂದಕ್ಕೆ ಮಾತ್ರ ತೆನೆ ಉಳಿಯಿತು. ಒಂದೇ ತೆನೆ.

ಅಬ್ಬಲಿಗೆಯ ತೆನೆ ಒಮ್ಮೆಗೇ ಅರಳುವುದಿಲ್ಲ. ಬುಡದಿಂದ ಮೇಲಕ್ಕೆ, ಇವತ್ತು ಎರಡು, ನಾಳಿದ್ದು ಎರಡು, ಹೀಗೆ. ಒಳ್ಳೆಯದೆಂದರೆ ಕಿತ್ತ ಹೂವು ಬೇಗ ಬಾಡುವುದಿಲ್ಲ. ಸಂಕ್ರಾಂತಿಯ ಸುಮಾರಿಗೆ ಮೊದಲ ಎರಡು ಅರಳಿದವು. ಅವ್ವ ಅವನ್ನು ಬಿಡಿಸಿ ಬಾಳೆಲೆಯ ತುಂಡಿನಲ್ಲಿ ಸುತ್ತಿ, ಒದ್ದೆ ಬಟ್ಟೆ ಹೊದಿಸಿ, ಕುಡಿಯುವ ನೀರಿನ ಹರವಿಯ ಬುಡಕ್ಕೆ ಇಟ್ಟಳು. ಗಿಡವನ್ನು ಬೆಚ್ಚಗಿಡಬೇಕು, ಹೂವನ್ನು ತಣ್ಣಗಿಡಬೇಕು. ಮನೆಯಲ್ಲಿ ಯಾರು ನೀರು ಕುಡಿಯಲು ಹೋದರೂ, "ಕಾಲ ಹುಷಾರು," ಎನ್ನುತ್ತಿದ್ದಳು. ಆಯಿ ನೀರು ಕುಡಿಯುವುದನ್ನೇ ಕಡಿಮೆ ಮಾಡಿದಳು.

ಕುಬಸದ ದಿನ ಬೆಳಿಗ್ಗೆ ಅವ್ವ ಹೀಗೆ ಕೂಡಿಟ್ಟ ಹೂವುಗಳನ್ನೆಲ್ಲ ಬಾಳೆನಾರಿನಲ್ಲಿ ಕಟ್ಟಿದಳು. ನಾಲ್ಕು ಬೆರಳಗಲ ಆಯಿತು. ಜಮಖಂಡಿಯಿಂದ ನಾನೇ ತಂದ ಮಲ್ಲಿಗೆ-ಸೇವಂತಿಗೆಯ ದೊಡ್ಡ ದಂಡೆಯ ನಟ್ಟನಡುವೆ ಆ ತುಂಡನ್ನು ಹೊಲಿದಳು. ಅಕ್ಕ ಹಸಿರು ಸೀರೆ ಉಟ್ಟು ಮಣೆಯ ಮೇಲೆ ಕುಳಿತಿದ್ದಳು, ಮುಖ ಊದಿತ್ತು, ಪಯಣದಿಂದ ದಣಿದಿದ್ದಳು. ಅವಳ ಅತ್ತೆ ದಂಡೆಯನ್ನು ಹತ್ತಿರದಿಂದ ನೋಡಿ, ಎಲ್ಲರಿಗೂ ಕೇಳುವಂತೆ ಅಂದರು:

"ಇದೇನ್ರಿ ಬೀಗತಿ, ನಡಬರಕ ಹಳೇ ಹೂವ ಹಚ್ಚೀರಿ? ಬಾಡ್ಯಾವಲ್ಲ ಇವು."

ನಿಜವಾಗಿ, ಮೊದಲು ಕಿತ್ತ ಎರಡು ಅಂಚಿನಲ್ಲಿ ಕಂದಿದ್ದವು. ಅವ್ವ ಆರತಿಯ ತಟ್ಟೆ ಹಿಡಿದು ನಿಂತೇ ಇದ್ದಳು.

"ಬಾಡಿಲ್ರಿ," ಎಂದಳು ಆಯಿ ಮೂಲೆಯಿಂದ. "ಭಾಳ ದೂರಿಂದ ಬಂದಾವು. ದಣದಾವು. ನಿಮ್ಮ ಸೊಸಿ ಮಾರಿ ನೋಡ್ರಿ, ಅಕಿನೂ ಬಾಡಿದಂಗ ಕಾಣತಾಳ. ಸಮೀರವಾಡಿಯಿಂದ ಬಂದಿದ್ದಕ್ಕ ಹಿಂಗಾದ್ರ, ಹೊಳಿಯೊಳಗಿಂದ ಬಂದವಕ್ಕ ಏನಾಗಬ್ಯಾಡ?"

ಹೆಂಗಸರು ನಕ್ಕರು. ಬೀಗತಿಯೂ ನಕ್ಕರು. ಅವ್ವ ದಂಡೆ ಮುಡಿಸಿದಳು. ಮುಡಿಸುವಾಗ ಅವಳ ಹೆಬ್ಬೆರಳು ನಡುವಿನ ಆ ತುಂಡನ್ನು ಒಂದು ಸಲ ಸರಿಪಡಿಸಿತು, ಸರಿಯಾಗಿಯೇ ಇದ್ದರೂ. ಆಮೇಲೆ ಪಂಕ್ತಿಗೆ ಎಲೆ ಹಾಕಿದಾಗ ಅವಳು ನೇರವಾಗಿ ಆಯಿಯ ಮುಂದೆ ಹೋಗಿ, "ಅತ್ತಿ, ಊಟಕ್ಕ ಏಳ್ರಿ," ಎಂದು ಕೈ ಕೊಟ್ಟು ಎಬ್ಬಿಸಿದಳು. ನಾನು ನಡುವೆ ಇರಬೇಕಾಗಿರಲಿಲ್ಲ.

ಶಿವರಾತ್ರಿ ಕಳೆದ ಮೇಲೆ ಅಪ್ಪ ಇಟ್ಟಿಗೆಚೂರು, ಗರಸು ತರಿಸಿದ. ಹಲಗೆಗಳನ್ನು ಅವ್ವನೇ ತೆಗೆದು ಗೋಡೆಗೆ ಒರಗಿಸಿದಳು. ಕುಣಿ ತುಂಬಲು ಒಂದು ಮಧ್ಯಾಹ್ನವೂ ಹಿಡಿಯಲಿಲ್ಲ. ಮೇಲೆ ಗಿಲಾವು ಆಯಿತು, ಐದನೆಯ ಮಗ್ಗ ಬಂತು. ಗಿಡಗಳ ಬಗ್ಗೆ ಅವ್ವ ಏನೂ ಕೇಳಲಿಲ್ಲ. ಅವಳಿಗೆ ಬೇಕಾದದ್ದು ಆಗಿತ್ತು ಎಂದುಕೊಂಡೆ. ಮಳೆ ಬಿದ್ದಾಗ ನಾನು ಅಭ್ಯಾಸಬಲದಿಂದ ಟೊಂಗೆ ಕತ್ತರಿಸಿ ನೆಟ್ಟೆ. ಒಂದೇ ಚಿಗುರಿತು. ಕೂಸಿನ ಜೊತೆ ಅಕ್ಕ ಸಮೀರವಾಡಿಗೆ ಮರಳುವಾಗ ಅವ್ವ ಆ ಟಿನ್ನನ್ನು ತೊಟ್ಟಿಲಿನ ಸಾಮಾನಿನ ಜೊತೆ ಗಾಡಿಯಲ್ಲಿ ಇಡಿಸಿದಳು.

ಮುಂದಿನ ಚಳಿಗಾಲದ ಸಂಜೆಗಳಲ್ಲಿ ನನಗೆ ಹೊರುವುದು ಏನೂ ಇರಲಿಲ್ಲ. ಹಳೆಯ ಎರಡು ಗಿಡಗಳನ್ನು ಮಗ್ಗದ ಕೋಣೆಯ ಕಿಟಕಿಯಲ್ಲಿಟ್ಟಿದ್ದೆ. ದೀಪಾವಳಿಯಾಗಿ ಸ್ವಲ್ಪ ದಿನಕ್ಕೇ ಎಲೆ ಉದುರಿಸಿ ಕಡ್ಡಿಯಾದವು. ಒಂದು ಸಂಜೆ ಅಕ್ಕನ ಫೋನು ಬಂತು. ಅವ್ವ ಪಕ್ಕದಲ್ಲಿ ಜೋಳ ಹಸನು ಮಾಡುತ್ತಿದ್ದಳು.

"ಅಲ್ಲಲೇ, ಇದರ ಎಲಿ ಕೆಂಪಾಗಾಕತ್ತಾವಲ್ಲ," ಎಂದಳು ಅಕ್ಕ. "ಇಲ್ಲಿ ನನಗ ಕುಣಿ ಎಲ್ಲೈತಿ?"

"ಬಚ್ಚಲದಾಗ ನೀರ ಕಾಸೂ ಒಲಿ ಐತಿಲ್ಲೋ, ಅದರ ಬಾಜೂಕ ಇಡು. ರಾತ್ರಿಗೆ ಅಷ್ಟ. ಹಗಲ ಬಿಸಲಿಗೆ ಇಡು."

"ದಿನಾ?"

"ದಿನಾ."

"ಎಲ್ಲೀ ತನಕಾ?"

"ಶಿವರಾತ್ರಿ ತನಕಾ."

"ಕೂಸಿನ್ನ ಎತ್ತಿ ಎತ್ತಿ ನನ್ನ ರಟ್ಟಿ ಬಿದ್ದಾವು. ಇದನ್ನ ಯಾವಾಗ ಎತ್ತಲಿ?"

"ಕೂಸು ಮಲಗಿದಾಗ."

ಅಕ್ಕ ನನ್ನನ್ನು ಬೈದಳು. ನನಗೆ ಮಕ್ಕಳಾದಾಗ ಗೊತ್ತಾಗುತ್ತದೆ ಎಂದಳು. ಅವ್ವನ ಕೈ ಮೊರದ ಮೇಲೆ ನಿಂತಿತ್ತು. ಅವಳು ಜೋಳವನ್ನು ನೋಡುತ್ತಿರಲಿಲ್ಲ. ಆ ಕಡೆಯಿಂದ ಬೈಗುಳದ ನಡುವೆಯೇ ಟಿನ್ನಿನ ತಗಡು ಕಲ್ಲಿನ ಮೇಲೆ ಜಾರುವ ಕರ್ಕಶ ಸದ್ದು ಕೇಳಿಸಿತು. ಆ ಸದ್ದು ನನಗೆ ಗೊತ್ತು.

"ಎಳೀಬ್ಯಾಡ," ಎಂದೆ. "ಬೇರು ಅಲಗತಾವು. ಎತ್ತು."